ಮೊದಲು ನಿಲ್ಲಿಸಿದವರು

ಸೇಡು ಒಳ್ಳೆಯದಲ್ಲ ಎಂದು ನಾನು ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ. ತೆಲಂಗಾಣದ ಗಡಿಯೂರು ಮಕ್ತಲ್ ಹತ್ತಿರದ ಕನ್ನಡ ಶಾಲೆಯ ಕರಿಹಲಗೆಯ ಮೇಲೆ ಅದನ್ನು ದುಂಡಗೆ ಬರೆದು, ಮಕ್ಕಳ ಕೈಲಿ ಹತ್ತು ಸಲ ಬರೆಸಿದ್ದೇನೆ. ಬರೆಸುವಾಗಲೆಲ್ಲ ನನ್ನ ಕಣ್ಣ ಮುಂದೆ ಇರುತ್ತಿದ್ದದ್ದು ನಾರಾಯಣಪೇಟೆಯ ಬ್ಯಾಂಡ್ ಮಾಲೀಕನ ಮುಖ. ಅವನನ್ನು ಒಂದು ದಿನ ನಡುಬೀದಿಯಲ್ಲಿ ಕೋಟು ಬಿಚ್ಚಿಸಿ ನಿಲ್ಲಿಸಬೇಕು, ಅದನ್ನು ನಮ್ಮಪ್ಪ ಕೂತು ನೋಡಬೇಕು. ಹದಿಮೂರನೆಯ ವಯಸ್ಸಿನಿಂದ ನನಗಿದ್ದ ಆಸೆ ಇದೊಂದೇ. ಬೇರೆಯವರು ಮನೆ, ಮಕ್ಕಳು, ಬಂಗಾರ ಎಂದು ಏನೇನೋ ಬೇಡಿಕೊಳ್ಳುವಾಗ ನಾನು ದೇವರ ಮುಂದೆ ನಿಂತು, ಈ ಮುದುಕ ಸಾಯದೆ ಇರಲಿ, ನನ್ನ ಕೈಗೆ ಸಿಗುವ ತನಕ ಗಟ್ಟಿಮುಟ್ಟಾಗಿರಲಿ ಎಂದು ಬೇಡಿಕೊಂಡಿದ್ದೇನೆ.

ಅಪ್ಪ ಅವನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಮದುವೆ ಮೆರವಣಿಗೆಗಳಿಗೆ ಹೋಗುವ ಹದಿನಾಲ್ಕು ಜನರ ಬ್ಯಾಂಡು ಅದು. ಎಲ್ಲರಿಗೂ ಕೆಂಪು ಕೋಟು, ಹೆಗಲ ಮೇಲೆ ಜರಿಪಟ್ಟಿ, ತಲೆಗೆ ಟೊಪ್ಪಿಗೆ. ಮಾಲೀಕ ಟ್ರಂಪೆಟ್ ಹಿಡಿದು ಮುಂದೆ ನಡೆದರೆ ಅವನ ಬೆನ್ನಿಗೇ ಅಪ್ಪ. ಹಾಡಿನ ಧಾಟಿ ಹೊರುವುದು ಕ್ಲಾರಿನೆಟ್ಟೇ ಆದ್ದರಿಂದ ಉಳಿದವರೆಲ್ಲ ಅಪ್ಪನ ತುಟಿ ನೋಡಿಕೊಂಡು ಬಾರಿಸುತ್ತಿದ್ದರು.

ನಮ್ಮ ಕಡೆ ಬ್ಯಾಂಡಿನವರಲ್ಲಿ ಒಂದು ಕಟ್ಟಳೆ ಇತ್ತು. ಎರಡು ಮೆರವಣಿಗೆಗಳು ಒಂದೇ ಓಣಿಯಲ್ಲಿ ಎದುರುಬದುರಾದರೆ ಬಾಯಿಮಾತಿನಲ್ಲಿ ದಾರಿ ಕೇಳುವಂತಿಲ್ಲ. ಎರಡೂ ಬ್ಯಾಂಡಿನವರು ಮುಖಾಮುಖಿ ನಿಂತು ಬಾರಿಸಬೇಕು. ಯಾರ ಸದ್ದು ಮೊದಲು ನಿಲ್ಲುತ್ತದೋ ಅವರು ಸೋತ ಹಾಗೆ. ಸೋತ ಬ್ಯಾಂಡಿನ ಮುಂದಾಳು ಟೊಪ್ಪಿಗೆ ತೆಗೆದು, ತನ್ನ ಮೆರವಣಿಗೆಯನ್ನು ಗೋಡೆಗೆ ಒತ್ತರಿಸಿ ದಾರಿ ಬಿಡಬೇಕು. ಮುಹೂರ್ತ ಮೀರಲಿ, ಕುದುರೆ ಮೇಲಿನ ವರ ಬೆವರಿ ತೊಪ್ಪೆಯಾಗಲಿ, ಇದರಲ್ಲಿ ರಾಜಿ ಇಲ್ಲ.

ಮಕ್ತಲ್ ಬಜಾರಿನಲ್ಲಿ ಒಮ್ಮೆ ಹಾಗೆ ರಾಯಚೂರಿನ ಬ್ಯಾಂಡೊಂದು ಎದುರಾಯಿತು. ಅದಕ್ಕೆ ಮೂರು ದಿನ ಮುಂಚೆ ಅಪ್ಪನ ಮೇಲಿನ ಮುಂದಿನ ಹಲ್ಲು ಕಿತ್ತಿದ್ದರು. ಕ್ಲಾರಿನೆಟ್ಟಿನ ಬಾಯಿಯನ್ನು ಒತ್ತಿ ಹಿಡಿಯುವುದೇ ಆ ಹಲ್ಲು. ಒಂದು ವಾರ ಬಿಡುವು ಕೊಡಿ ಎಂದು ಅಪ್ಪ ಕೇಳಿದ್ದಕ್ಕೆ ಮಾಲೀಕ, "ಊದಾಕ ಹಲ್ಲು ಯಾಕ ಬೇಕಲೇ, ಉಸುರು ಇದ್ರ ಸಾಕು," ಎಂದಿದ್ದ. ಅರ್ಧ ಗಂಟೆ ಅಪ್ಪ ಊದಿದ. ಬಾಯಿ ತುಂಬ ರಕ್ತ ಬಂತು. ಉಗುಳಲೆಂದು ಕ್ಲಾರಿನೆಟ್ಟನ್ನು ಬಾಯಿಂದ ತೆಗೆದ. ಅವನ ತುಟಿಯನ್ನೇ ನೋಡುತ್ತಿದ್ದ ಹನ್ನೆರಡು ಜನರೂ ಹಾಡು ಮುಗಿಯಿತೆಂದು ನಿಲ್ಲಿಸಿಬಿಟ್ಟರು.

ಮಾಲೀಕ ಟೊಪ್ಪಿಗೆ ತೆಗೆದು ದಾರಿ ಬಿಟ್ಟ. ಆಮೇಲೆ ಅಪ್ಪನ ಕಡೆ ತಿರುಗಿ, ಅಷ್ಟು ಜನರ ನಡುವೆ, ಕೋಟು ಬಿಚ್ಚೆಂದ. ಅಪ್ಪ ತಡೆದದ್ದಕ್ಕೆ ತಾನೇ ಗುಂಡಿ ಕಿತ್ತು ಬಿಚ್ಚಿ, ಕೋಟನ್ನು ಬಗಲಿಗೆ ಸೇರಿಸಿಕೊಂಡ. ಬಿಸಿಲಿನ ದಿನ, ಒಳಗೆ ಬರೀ ಬನಿಯನ್. ಅಪ್ಪ ಎರಡೂ ಕೈ ಎದೆಗೆ ಕಟ್ಟಿಕೊಂಡು ಬಜಾರಿನ ಉದ್ದಕ್ಕೂ ನಡೆದು ಮನೆಗೆ ಬಂದ. ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದ ನಾನು ಎಲ್ಲವನ್ನೂ ನೋಡಿದೆ. ಅಪ್ಪ ಮಾತ್ರ ಸಾಯುವವರೆಗೂ ಆ ಮಾಲೀಕನಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. "ಮೊದಲ ನಿಲ್ಲಿಸಿದಾಂವ ನಾನs ಅಲ್ಲೇನು? ಮಾಲಕರದೇನು ತಪ್ಪೈತಿ?" ಎನ್ನುತ್ತಿದ್ದ. ಅವನ ಪಾಲಿನ ಬೈಗುಳವನ್ನೂ ನಾನೇ ಬೈಯಬೇಕಾಯಿತು.

ಆಮೇಲೆ ಅಪ್ಪ ಭಜನೆ ಮಂಡಳಿಗಳ ಹಾರ್ಮೋನಿಯಂ ರಿಪೇರಿ ಮಾಡಿ ನಮ್ಮನ್ನು ಸಾಕಿದ. ನನಗೆ ಕ್ಲಾರಿನೆಟ್ ಕಲಿಸಿದ. ಹೆಣ್ಣುಮಗಳಿಗೆ ಪೀಪಿ ಯಾಕೆ ಎಂದು ಓಣಿಯವರು ಆಡಿಕೊಂಡರೆ, ಆಡಿಕೊಳ್ಳುವವರ ಮನೆಯ ಕಡೆಗೇ ಮುಖ ಮಾಡಿ ಊದು ಎಂದ. ವರ್ಷಗಟ್ಟಲೆ ದೊಡ್ಡ ಡ್ರಮ್ಮಿನ ಪಕ್ಕ ನಿಂತದ್ದಕ್ಕೋ ಏನೋ, ಅವನ ಕಿವಿ ಒಂದೊಂದೇ ಕೈಕೊಟ್ಟಿತು. ನಾನು ಶಿಕ್ಷಕಿಯಾಗುವ ಹೊತ್ತಿಗೆ ಪೂರ್ತಿ ಹೋಗಿತ್ತು. ಆದರೂ ನಾನು ಊದುವಾಗ ಎದುರು ಕೂತು ನನ್ನ ತುಟಿ, ಬೆರಳು ನೋಡಿಯೇ ತಪ್ಪು ಹಿಡಿಯುತ್ತಿದ್ದ. ಅವನ ಪಾಠ ಒಂದೇ: ನಡುವೆ ಪೀಪಿಯಿಂದ ಬಾಯಿ ತೆಗೆಯಬಾರದು. ಮೂಗಿನಲ್ಲಿ ಉಸಿರು ಎಳೆದುಕೋ, ಕೆನ್ನೆಯಲ್ಲಿ ಗಾಳಿ ಇಟ್ಟುಕೋ, ಏನಾದರೂ ಮಾಡು, ಬಾಯಿ ತೆಗೆಯಬೇಡ. ಯಾಕೆಂದು ನಾನು ಕೇಳಬೇಕಾಗಿರಲಿಲ್ಲ.

ತೆಲಂಗಾಣ ಬೇಕೆಂದು ಊರೂರೇ ಎದ್ದ ಮುಷ್ಕರದಲ್ಲಿ ನಮ್ಮ ಶಾಲೆಗಳೂ ಮುಚ್ಚಿದವು. ರಸ್ತೆಯ ಮೇಲೆ ಒಲೆ ಹೂಡಿ ಅಡುಗೆ ಮಾಡಿ, ಅಲ್ಲೇ ಉಂಡು, ಬಸ್ಸು ಲಾರಿ ತಡೆಯುತ್ತಿದ್ದ ದಿನಗಳು. ಕೃಷ್ಣಾ ನದಿಯ ಜೂರಾಲ ಅಣೆಕಟ್ಟೆಯ ಹತ್ತಿರ ಶಿಕ್ಷಕರ ಸರದಿ ಬಂದಾಗ ನಾನು ಕ್ಲಾರಿನೆಟ್ ತಂದು ಎಲ್ಲರ ಬಾಯಲ್ಲಿದ್ದ ಘೋಷಣೆಗಳನ್ನೇ ಊದುತ್ತಿದ್ದೆ. ಗದ್ವಾಲದ ಕಡೆಯಿಂದ ಬಂದಿದ್ದ ಗುಂಪಿನಲ್ಲಿ ಒಬ್ಬರು ಟ್ರಂಪೆಟ್ ತೆಗೆದು ನನ್ನ ಜೊತೆ ಸೇರಿದರು. ನಾನು ಊದಿದ್ದನ್ನು ಅವರು ಊದಲಿಲ್ಲ. ನಾನು ಒಂದು ಮಾತು ಹೇಳಿದರೆ ಅದಕ್ಕೆ ತಿರುಗಿ ಒಂದು ಮಾತು ಹೇಳಿದರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು.

ಅವರು ಸೈನ್ಯದ ಬ್ಯಾಂಡಿನಿಂದ ನಿವೃತ್ತರಾದ ಹವಾಲ್ದಾರರು. ಶಾಂತಿಪಾಲನೆಗೆಂದು ನಮ್ಮ ಪಡೆ ಆಫ್ರಿಕಾಕ್ಕೆ ಹೋಗಿದ್ದಾಗ ಅವರ ಪಕ್ಕದಲ್ಲೇ ದಕ್ಷಿಣ ಆಫ್ರಿಕಾದ ಸಿಪಾಯಿಗಳ ಡೇರೆ ಇತ್ತಂತೆ. ಅವರ ಜೊತೆ ಕೂತು ಕಲಿತ ಸಂಗೀತವನ್ನು ಒಂದು ಪೆನ್‌ಡ್ರೈವಿನಲ್ಲೂ ಅದಕ್ಕಿಂತ ಹೆಚ್ಚಾಗಿ ತಲೆಯಲ್ಲೂ ತುಂಬಿಕೊಂಡು ಬಂದಿದ್ದರು. ಅದಕ್ಕೆ ಜಾಝ್ ಎಂದು ಹೆಸರು. ಭಾನುವಾರ ಮಧ್ಯಾಹ್ನ ಗದ್ವಾಲದ ಅವರ ಮನೆಯ ಹಿತ್ತಲಿನ ತಗಡಿನ ಚಾವಣಿಯಡಿ ನಾವು ನಾಲ್ವರು ಸೇರತೊಡಗಿದೆವು. ಅವರು, ನಾನು, ಅಲ್ಲಿನ ಚರ್ಚಿನಲ್ಲಿ ಗಿಟಾರ್ ಬಾರಿಸುತ್ತಿದ್ದ ಎಲೆಕ್ಟ್ರಿಕ್ ಅಂಗಡಿಯವ, ಮಕ್ತಲ್ ಕಡೆಯಿಂದ ನನ್ನ ಜೊತೆಗೇ ಬಸ್ಸಿಗೆ ಬರುತ್ತಿದ್ದ ಡೊಳ್ಳಿನವ. ಕುರಿ ಕಾಯುವ ಮನೆತನದ ಅವನು ಅದುವರೆಗೆ ಡೊಳ್ಳು ಬಾರಿಸಿದ್ದು ಕುಲದೇವರು ಬೀರಪ್ಪನ ಮುಂದೆ ಮಾತ್ರ.

ಆ ಸಂಗೀತದಲ್ಲಿ ಗಿಟಾರಿನ ಮೂರೋ ನಾಲ್ಕೋ ಸ್ವರಮೇಳ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಒಬ್ಬೊಬ್ಬರು ಸರದಿ ಮೇಲೆ ಹಾಡಿನ ಧಾಟಿಯೆಂಬ ಮನೆ ಬಿಟ್ಟು ಹೊರಗೆ ತಿರುಗಾಡಿ ಮತ್ತೆ ಮನೆಗೆ ಬರಬೇಕು. ನಡುನಡುವೆ ಹವಾಲ್ದಾರರು ಅಮೆರಿಕದ ಹಳೆಯ ಹಾಡುಗಳನ್ನೂ ಕಲಿಸಿದರು, ನಮ್ಮ ಭಜನೆಯವರಿಗೆಲ್ಲ ಮಂಗಳಾರತಿ ಬರುವ ಹಾಗೆ ಜಾಝ್ ನುಡಿಸುವವರಿಗೆಲ್ಲ ಬರುವಂಥವು. ನನಗೆ ಹಿಡಿಸಿದ್ದು ಮಾತ್ರ ದಕ್ಷಿಣ ಆಫ್ರಿಕಾದವು.

"ಇವು ಗಣಿ ಕೂಲಿಯವರ ಓಣಿಯಾಗ ಹುಟ್ಟಿದ ಪದ ಟೀಚರಮ್ಮ," ಎಂದರು ಹವಾಲ್ದಾರರು. "ಆ ದೇಶದಾಗ ಕರಿ ಮಂದಿ ತಮ್ಮ ಊರಾಗ ತಾವs ಅಡ್ಡಾಡಾಕ ಚೀಟಿ ತೋರಿಸಬೇಕಿತ್ತು. ಅಂಥಾದ್ರಾಗ ತಗಡಿನ ಪೀಪಿ ಊದಿಕೋಂತ ರಸ್ತಾದಾಗ ಕುಣೀತಿದ್ರು."

"ಸಿಟ್ಟು ಬರ್ತಿದ್ದಿಲ್ಲೇನ್ರಿ ಅವರಿಗೆ?" ಎಂದು ಕೇಳಿದೆ.

"ಕೇಳಿ ನೋಡ್ರಿ. ಎಲ್ಲಾ ಅದರಾಗs ಐತಿ."

ಕೇಳಿದೆ. ಹೌದು, ಇತ್ತು. ನಕ್ಕೊಂತ ನಕ್ಕೊಂತ ಎದುರಿನವನ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಸಂಗೀತ. ಇಷ್ಟು ವರ್ಷ ನಾನು ಹಲ್ಲು ಕಚ್ಚಿ ಇಟ್ಟುಕೊಂಡದ್ದನ್ನು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಭಾಷೆ ನನಗೆ ಸಿಕ್ಕಿರಲಿಲ್ಲ.

ಒಂದರಲ್ಲಿ ಮಾತ್ರ ನಮಗೂ ಹವಾಲ್ದಾರರಿಗೂ ಜಗಳ. ಪ್ರತಿ ಹಾಡಿನ ನಡುವೆಯೂ ಒಂದು ಕಡೆ ನಾವು ಮೂವರೂ ಬಿಟ್ಟುಬಿಡಬೇಕು, ಡೊಳ್ಳೊಂದೇ ನಡೆಯಬೇಕು. ಅದೂ ಕೋಲಿಲ್ಲದೆ, ಬರೀ ಬೆರಳ ತುದಿಯಲ್ಲಿ. ಎಂಟು ಸುತ್ತಾದ ಮೇಲೆ ನಾನು ಒಳಗೆ ಬರಬೇಕು. ಅವರು ಅದನ್ನು ಖಾಲಿ ಎನ್ನುತ್ತಿದ್ದರು. ಡೊಳ್ಳಿನವ, "ಇದು ಬೀರಪ್ಪಗ ಕೇಳಿಸೂದು ಹೋಗ್ಲಿ, ನನಗs ಕೇಳಿಸವಲ್ದ್ರಿ," ಎಂದು ಗೊಣಗುತ್ತಿದ್ದ. ನನಗೋ ಬಾಯಿ ತೆಗೆದರೆ ಮೈಯೆಲ್ಲ ಬೆವರು. ಎರಡು ಸುತ್ತಿಗೇ ಒಳಗೆ ನುಗ್ಗುತ್ತಿದ್ದೆ. ಕೊನೆಗೆ ಹವಾಲ್ದಾರರು ಖಾಲಿ ಬಂದಾಗಲೆಲ್ಲ ನನ್ನ ಕ್ಲಾರಿನೆಟ್ಟಿನ ಬಾಯಿಗೆ ಅಂಗೈ ಅಡ್ಡ ಹಿಡಿದು ನಿಲ್ಲುತ್ತಿದ್ದರು. "ಸುಮ್ಮನಿದ್ರ ಸತ್ತ್ಹೋಗೂದಿಲ್ಲ ಟೀಚರಮ್ಮ. ಪದ ನಡದೈತಿ. ಎಣಸ್ರಿ."

ಸುಮ್ಮನಿರುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಕಲಿತ ಮೇಲೊಂದು ಭಾನುವಾರ ಬಸ್ಸು ಜೂರಾಲ ಕಟ್ಟೆ ದಾಟುವಾಗ ನನಗೆ ಆ ಯೋಚನೆ ಹೊಳೆಯಿತು. ನಮ್ಮ ಸೀಮೆಯ ಯಾವ ಬ್ಯಾಂಡಿನವನಿಗೂ ಖಾಲಿ ಗೊತ್ತಿಲ್ಲ. ಕ್ಲಾರಿನೆಟ್ ಬಾಯಿಂದ ಇಳಿಯಿತೆಂದರೆ ಸೋತರು ಎಂದೇ ಅವರ ಲೆಕ್ಕ. ಗೆದ್ದೆನೆಂದು ಮಾಲೀಕ ತನ್ನ ಬ್ಯಾಂಡ್ ನಿಲ್ಲಿಸುತ್ತಾನೆ. ಆದರೆ ನಮ್ಮ ಡೊಳ್ಳು ನಿಂತಿರುವುದಿಲ್ಲ. ಕಟ್ಟಳೆ ಕಟ್ಟಳೆಯೇ. ಮೊದಲು ನಿಲ್ಲಿಸಿದವನು ಅವನಾಗುತ್ತಾನೆ. ಬಸ್ಸಿನಲ್ಲಿ ನಾನು ಒಬ್ಬಳೇ ನಗುವುದನ್ನು ನೋಡಿ ಡೊಳ್ಳಿನವ, "ಏನಾತ್ರೀ ಅಕ್ಕಾರ?" ಎಂದು ಕೇಳಿದ. ಏನಿಲ್ಲ ಎಂದೆ.

ಹವಾಲ್ದಾರರಿಗೂ ಹೇಳಲಿಲ್ಲ. ಇದು ಜಗಳದ ಸಂಗೀತವಲ್ಲ ಎನ್ನುವ ಮನುಷ್ಯ ಅವರು. ಅವರಿಗೆ ಮೋಸ ಮಾಡಿದೆ ಎಂದರೂ ಸರಿ.

ತೆಲಂಗಾಣ ಬಂತು. ಆ ಜೂನಿನಲ್ಲಿ ನಾರಾಯಣಪೇಟೆಯಲ್ಲಿ ಪ್ರತಿಯೊಂದು ಸಂಘದವರೂ ವಿಜಯದ ಮೆರವಣಿಗೆ ತೆಗೆದರು. ವ್ಯಾಪಾರಿಗಳು ಮಾಲೀಕನ ಬ್ಯಾಂಡನ್ನು ಗೊತ್ತು ಮಾಡಿದ್ದಾರೆಂದು ತಿಳಿದ ದಿನವೇ ನಾನು ನಮ್ಮ ಶಿಕ್ಷಕರ ಮೆರವಣಿಗೆಗೆ ನಮ್ಮ ನಾಲ್ವರ ವಾದ್ಯವನ್ನೇ ಗೊತ್ತು ಮಾಡಿಸಿದೆ. ಮೆರವಣಿಗೆ ಹೋಗುವ ದಾರಿಯನ್ನೂ ಹೊತ್ತನ್ನೂ ಕಾಗದದಲ್ಲಿ ಬರೆದುಕೊಟ್ಟವಳು ನಾನೇ. ಅವರು ಆ ಕಡೆಯಿಂದ ಬರುವ ಹೊತ್ತಿಗೆ ನಾವು ಈ ಕಡೆಯಿಂದ ಸೀರೆ ಅಂಗಡಿಗಳ ಓಣಿಗೆ ಇಳಿಯಬೇಕು. ಆ ಓಣಿಯಲ್ಲಿ ಎರಡು ಬಂಡಿ ಹಾಯುವುದಿಲ್ಲ.

ಬೆಳಿಗ್ಗೆ ಅಪ್ಪನನ್ನು ಮಕ್ತಲ್‌ನಿಂದ ಬಸ್ಸಿಗೆ ಕರೆತಂದು, ಪರಿಚಯದ ಸೀರೆ ಅಂಗಡಿಯ ಎತ್ತರದ ಕಟ್ಟೆಯ ಮೇಲೆ ಕೂರಿಸಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿದ್ದೆ. ಅಪ್ಪನಿಗೆ ವಿಷಯ ಹೇಳಲು ಸ್ಲೇಟಿನಲ್ಲಿ ಬರೆಯಬೇಕಿತ್ತು. "ಇಂದು ನಿನ್ನ ಮಾಲೀಕನ ಎದುರು ನಾನು" ಎಂದಷ್ಟೇ ಬರೆದು ತೋರಿಸಿದೆ. ಅಪ್ಪ ಗಾಬರಿಯಾದ. ಆಮೇಲೆ ನನ್ನ ಗಲ್ಲ ಮುಟ್ಟಿ, "ಬಾಯಿ ತಗೀಬ್ಯಾಡ ಯವ್ವಾ," ಎಂದ.

ಹನ್ನೊಂದರ ಬಿಸಿಲಿನಲ್ಲಿ ಎರಡು ಮೆರವಣಿಗೆಗಳು ಎದುರಾದವು. ನಮ್ಮ ಮುಂದೆ ಬ್ಯಾಟರಿ, ಸ್ಪೀಕರ್ ಹೊತ್ತ ಒಂದು ತಳ್ಳುಬಂಡಿ, ನಾಲ್ಕು ಜನ. ಅವರು ಹದಿನಾಲ್ಕು ಜನ, ಅದೇ ಕೆಂಪು ಕೋಟು. ಮಾಲೀಕನ ಮೀಸೆ ಬೆಳ್ಳಗಾಗಿತ್ತು, ಕುತ್ತಿಗೆಯ ಸೊಕ್ಕು ಹಾಗೇ ಇತ್ತು. ನಮ್ಮನ್ನು ಮೇಲಿಂದ ಕೆಳಗೆ ನೋಡಿ, ತನ್ನವರ ಕಡೆ ತಿರುಗಿ ನಕ್ಕ. ಹವಾಲ್ದಾರರು ಬದಿಗೆ ಸರಿಯುವುದರಲ್ಲಿದ್ದರು. ನಾನು ಮುಂದೆ ಹೋಗಿ ನಿಂತು ಶುರು ಮಾಡಿಬಿಟ್ಟೆ. ಬೇರೆ ದಾರಿ ಕಾಣದೆ ಅವರೂ ಸೇರಿದರು.

ಮಾಲೀಕನ ಬ್ಯಾಂಡು ಕಿವಿ ಹರಿಯುವ ಹಾಗೆ ಬಾರಿಸಿತು. ನಾವು ನಮ್ಮ ಮೂರು ಸ್ವರಮೇಳದ ಮೇಲೆ ಸುತ್ತುತ್ತಲೇ ಇದ್ದೆವು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಶಿಕ್ಷಕರು ಕುಣಿಯತೊಡಗಿದರು, ವ್ಯಾಪಾರಿಗಳ ಕಡೆಯವರಲ್ಲೂ ಕೆಲವರ ಹೆಗಲು ಅಲುಗಿತು. ಮಾಲೀಕನ ಮುಖ ಕೋಟಿನ ಬಣ್ಣಕ್ಕೆ ತಿರುಗಿತ್ತು. ಆಗ ನಾನು ಹವಾಲ್ದಾರರತ್ತ ನೋಡಿ, ಖಾಲಿ ಎಂದು ತಲೆಯಲ್ಲೇ ಸನ್ನೆ ಮಾಡಿದೆ.

ಮೂವರೂ ಬಿಟ್ಟೆವು. ಕ್ಲಾರಿನೆಟ್ ಬಾಯಿಂದ ತೆಗೆದು ಸೊಂಟದವರೆಗೂ ಇಳಿಸಿದೆ. ನನ್ನ ಕಣ್ಣು ಮಾಲೀಕನ ಮೇಲೆ ನೆಟ್ಟಿತ್ತು. ಅವನು ನೋಡಿದ. ಟ್ರಂಪೆಟ್ ತೆಗೆದು ಮೇಲೆತ್ತಿದ. ಹದಿಮೂರು ಜನರೂ ನಿಲ್ಲಿಸಿ ಹೋ ಎಂದರು.

"ಮುಗೀತು," ಎಂದ ಮಾಲೀಕ, ಬಾಯಿ ಒರೆಸಿಕೊಳ್ಳುತ್ತ. "ಬದಿಗಿ ಸರೀರಿ."

ಅವರ ಕೂಗು ಅಡಗಿದ ಮೇಲೆ ಓಣಿ ತಣ್ಣಗಾಯಿತು. ಆ ತಣ್ಣನೆಯಲ್ಲಿ ಡೊಳ್ಳು ಎಲ್ಲರಿಗೂ ಕೇಳಿಸಿತು. ಚರ್ಮದ ಮೇಲೆ ಬೆರಳು, ಅಷ್ಟೇ. ಡೊಳ್ಳಿನವ ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದ. ಮಾಲೀಕನ ಕಡೆಯ ಮುದಿ ಡ್ರಮ್ಮಿನವನೇ ಮೊದಲು ತಲೆ ತಗ್ಗಿಸಿದ್ದು. "ಮಾಲಕರ, ಅವರದು ನಿಂತಿಲ್ಲರಿ," ಎಂದ. ನಾನು ಎಂಟು ಸುತ್ತು ಎಣಿಸಿ, ಒಂದು ಎಣಿಕೆಯೂ ತಪ್ಪದೆ, ಒಳಗೆ ಬಂದೆ. ಅಷ್ಟು ಖುಷಿಯಿಂದ ನಾನು ಮತ್ತೆಂದೂ ಊದಿಲ್ಲ.

ಮಾಲೀಕ ಟೊಪ್ಪಿಗೆ ತೆಗೆದ. ಕಟ್ಟಳೆ ಅಲ್ಲಿಗೆ ಮುಗಿಯಿತು, ನನ್ನದು ಮುಗಿದಿರಲಿಲ್ಲ. ಹಾಡು ನಿಲ್ಲಿಸಿ ಅವನ ಎದುರಿಗೆ ಹೋಗಿ, "ಕೋಟು ಬಿಚ್ಚರಿ ಮಾಲಕರ," ಎಂದೆ.

"ಯಾರ ಮಗಳವಾ ನೀ?"

"ನಿಮ್ಮ ಕ್ಲಾರಿನೆಟ್ಟಿನವರ ಮಗಳು. ಮಕ್ತಲ್ ಬಜಾರದಾಗ ನೀವು ಕೋಟು ಬಿಚ್ಚಿಸಿದ್ರಲ್ಲ, ಅವರ ಮಗಳು."

ಅವನು ನೆನಪು ಮಾಡಿಕೊಳ್ಳಲು ನೋಡಿದ. "ಎಷ್ಟೋ ಮಂದೀದು ಬಿಚ್ಚಿಸೀನಿ," ಎಂದ.

"ಹಂಗಾದ್ರ ಅವರೆಲ್ಲರ ಪರವಾಗಿ ಒಮ್ಮೆ ಬಿಚ್ಚರಿ," ಎಂದೆ. ನಮ್ಮ ಶಿಕ್ಷಕರು, ಏನು ಎತ್ತ ಎಂದು ತಿಳಿಯದಿದ್ದರೂ, ಬಿಚ್ಚು ಬಿಚ್ಚು ಎಂದು ಚಪ್ಪಾಳೆ ತಟ್ಟತೊಡಗಿದರು. ಹವಾಲ್ದಾರರು ನನ್ನ ತೋಳು ಹಿಡಿದು, "ಸಾಕು ಬಿಡ್ರಿ," ಎಂದರು. ನಾನು ಬಿಡಲಿಲ್ಲ. ಮುದುಕ ಒಂದೊಂದೇ ಗುಂಡಿ ಬಿಚ್ಚಿ, ಕೋಟನ್ನು ನನ್ನ ಕೈಗೆ ಕೊಟ್ಟ. ಒಳಗೆ ಬನಿಯನ್ ಇತ್ತು. ಅಯ್ಯೋ ಎನ್ನಿಸಿತೇ ಎಂದು ಆಮೇಲೆ ಕೆಲವರು ಕೇಳಿದರು. ಇಲ್ಲ, ಎನ್ನಿಸಲಿಲ್ಲ.

ಕೋಟನ್ನು ಎತ್ತಿ ಹಿಡಿದು ಅಪ್ಪನ ಕಡೆ ತಿರುಗಿದೆ. ಕಟ್ಟೆ ಖಾಲಿಯಿತ್ತು.

ಅಂಗಡಿಯವರು, "ಅಪ್ಪಾರು ಆಗಳೇ ಹೋದ್ರಲ್ರಿ," ಎಂದರು. "ನೀವು ಪೀಪಿ ಕೆಳಗ ಇಳಿಸಿದ ಕೂಡ್ಲೆ ಎದ್ರು. ಕುಂದ್ರಿ ಅಂದ್ರೂ ಕೇಳ್ಲಿಲ್ಲ, ಹೆಗಲ ಮ್ಯಾಲಿನ ವಲ್ಲಿ ಮುಖಕ್ಕ ಮುಚ್ಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದ್ರು."

ಡೊಳ್ಳು ಓಣಿಗೆಲ್ಲ ಕೇಳಿಸಿತ್ತು, ಅಪ್ಪನಿಗಲ್ಲ. ಅವನು ಕಂಡದ್ದು ಇಷ್ಟೇ: ಮಗಳು ಬಾಯಿ ತೆಗೆದಳು, ಮಾಲೀಕ ಟ್ರಂಪೆಟ್ ಎತ್ತಿದ, ಕೆಂಪು ಕೋಟಿನವರೆಲ್ಲ ಕೈಯೆತ್ತಿ ಕುಣಿದರು. ಅಷ್ಟು ಹೊತ್ತು ನಾನು ಮಾಲೀಕನ ಮುಖ ಬಿಟ್ಟು ಒಂದು ಸಲ, ಒಂದೇ ಒಂದು ಸಲ ಕಟ್ಟೆಯ ಕಡೆ ನೋಡಿದ್ದರೆ ಕೈಯಾದರೂ ಬೀಸುತ್ತಿದ್ದೆ.

ಮುಂದಿನ ಬಸ್ಸಿಗೆ ಮಕ್ತಲ್‌ಗೆ ಹೋದೆ. ಅಪ್ಪ ಒಲೆಯ ಮುಂದೆ ಕೂತು ನನಗಾಗಿ ಚಹಾ ಇಟ್ಟಿದ್ದ. "ಕುಂದ್ರು ಯವ್ವಾ. ಒಮ್ಮೊಮ್ಮೆ ಹಂಗಾಗ್ತೈತಿ. ನನಗಾಗಿದ್ದಿಲ್ಲೇನು?" ಎಂದ. ನಾನು ಸ್ಲೇಟು ಎಳೆದುಕೊಂಡು "ನಾನು ಗೆದ್ದೆ" ಎಂದು ಬರೆದೆ. ಓದಿ, ಮಕ್ಕಳ ತಲೆ ಸವರುವ ಹಾಗೆ ನನ್ನ ತಲೆ ಸವರಿದ. ಕೋಟು ಮುಂದಿಟ್ಟೆ. ಅದನ್ನು ನೋಡಿದ್ದೇ ಮುಖ ಕಪ್ಪಿಟ್ಟಿತು. "ಬೇಡಿ ತಂದಿ ಏನು?" ಎಂದ. ಸ್ಲೇಟು ತುಂಬಿಸಿ, ಅಳಿಸಿ, ಮತ್ತೆ ತುಂಬಿಸಿ ಖಾಲಿ ಎಂದರೇನು ಎಂದು ಬರೆದೆ. ಡೊಳ್ಳಿನವನನ್ನು ಕರೆಸಿ ಬೆರಳಿನಿಂದ ಬಾರಿಸಿ ತೋರಿಸೆಂದೆ. ಅಪ್ಪ ಅವನ ಬೆರಳನ್ನು ನೋಡಿದ, ನನ್ನ ಮುಖ ನೋಡಿದ. "ಬಾಯಿ ತಗದ ಮ್ಯಾಲೆ ಪದ ಎಲ್ಲಿ ಇರ್ತೈತಿ? ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ್ರಿ," ಎಂದ.

ಒಂದು ವಾರದ ಮೇಲೆ ನಾನು ಶಾಲೆಯಿಂದ ಬಂದಾಗ ಕೋಟು ಗೂಟದಲ್ಲಿ ಇರಲಿಲ್ಲ. ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ಗೆಲುವಿತ್ತು. ಬೆಳಿಗ್ಗೆ ಒಬ್ಬನೇ ನಾರಾಯಣಪೇಟೆಗೆ ಹೋಗಿ, ಮಾಲೀಕನ ಮನೆಗೇ ಹೋಗಿ, ಕೋಟು ಒಪ್ಪಿಸಿ ಬಂದಿದ್ದ. "ನನ್ನ ಮಗಳು ಸೋತ ಮ್ಯಾಲೂ ನಿಮ್ಮ ಕೋಟು ತಂದಾಳ, ತಪ್ಪಾತು ಅಂತ ಕೈ ಮುಗದೆ," ಎಂದ. "ಮಾಲಕರು ದೊಡ್ಡ ಮನಸಿನವರು ಯವ್ವಾ. ತಮ್ಮ ಪಕ್ಕದಾಗs ಕುಂದರಿಸಿಕೊಂಡು ಚಹಾ ಕುಡಿಸಿದ್ರು. ನನಗ ಕೇಳಸೂದಿಲ್ಲಂತ ಹೇಳಿದ್ದಕ್ಕ ಬರದು ಕೊಟ್ಟಾರ ನೋಡು."

ಅಂಗಿಯ ಜೇಬಿನಿಂದ ಜೋಪಾನವಾಗಿ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟ. ಬ್ಯಾಂಡಿನ ಹೆಸರು ಅಚ್ಚಾದ ಕಾರ್ಡು. ಅದರ ಹಿಂದೆ ಮಾಲೀಕ ಸ್ವಂತ ಕೈಯಿಂದ, ದೊಡ್ಡ ಅಕ್ಷರದಲ್ಲಿ, ಅಪ್ಪನಿಗೆ ಓದಲು ಸುಲಭವಾಗಲೆಂದು ಬಿಡಿಸಿ ಬಿಡಿಸಿ ಬರೆದಿದ್ದ: "ಹುಡುಗಿ ಚಲೋ ಊದತಾಳ. ದಮ್ಮು ಸಾಲದು. ಸೋತಳಂತ ಬೈಬ್ಯಾಡ. ನಿನ್ನಂಥ ಕ್ಲಾರಿನೆಟ್ಟಿನಾಂವ ನನಗ ಮತ್ತ ಸಿಗಲಿಲ್ಲ."

"ಓದಿದೇನು?" ಎಂದು ಅಪ್ಪ ಕೇಳಿದ. "ಕಡೀ ಸಾಲು ಓದಿದೇನು?"

ಸ್ಲೇಟು ಪಕ್ಕದಲ್ಲೇ ಇತ್ತು, ಬಳಪವೂ ಇತ್ತು. ನಾನು ಚೀಟಿಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಅಪ್ಪನ ಜೇಬಿಗೆ ಹಾಕಿ, ಓದಿದೆ ಎಂದು ತಲೆಯಾಡಿಸಿದೆ.